ಮಿಲ್ಟ್ರಿ ಪಕ್ಕ ಕೂರದ ಪರಮೇಶಣ್ಣ

ನಾನು ಬಾಯಿ ತೆರೆದಾಗಲೆಲ್ಲ ಪರಮೇಶಣ್ಣ ಎಡಗಡೆಯ ಕಿಟಕಿಯಿಂದ ತಲೆ ಹೊರಹಾಕಿ ಎಲೆಯಡಿಕೆ ಉಗುಳುತ್ತಿದ್ದರು. ಬಾಯಲ್ಲಿ ರಸ ತುಂಬಿದ್ದಕ್ಕಲ್ಲ, ನನ್ನ ಮಾತಿಗೆ ಅವರು ಕೊಡುತ್ತಿದ್ದ ಉತ್ತರವೇ ಅದು. "ಹಿಂದಿನ ಟೈರಿಗೆ ಗಾಳಿ ಕಮ್ಮಿ ಐತೆ ಅಣ್ಣಾ" ಅಂದರೆ ಥೂ. "ಚಾ ಕುಡಿಯಾನಾ" ಅಂದರೂ ಥೂ. ಆ ಸುಗ್ಗಿಯಿಡೀ ಲಾರಿಯ ಎಡಬಾಗಿಲು ಕೆಂಪಗೇ ಇತ್ತು.

ನಾನು ಸೇನೆಯಲ್ಲಿ ಟ್ರಕ್ ಓಡಿಸುತ್ತಿದ್ದವನು. ಅಲ್ಲಿದ್ದುಕೊಂಡೇ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಡ್ಯೂಟಿ ಮುಗಿಸಿ, ಬೂಟು ಬಿಚ್ಚದೆ ಓದಿ ಗಳಿಸಿದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪಿಂಚಣಿಯಾಗಿ ನಮ್ಮೂರು ನ್ಯಾಮತಿಗೆ ಬಂದಾಗ ಎಲ್ಲರೂ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲು ಅಂದರು. ಬಾಗಿಲು ಕಾಯುವುದು ನನಗೆ ಬೇಡವಾಗಿತ್ತು. ಮೆಕ್ಕೆಜೋಳ ಸಾಗಿಸುವ ಸಾವ್ಕಾರರೊಬ್ಬರಲ್ಲಿ ಡ್ರೈವರ್ ಇಲ್ಲದೆ ಒಂದು ಲಾರಿ ನಿಂತಿತ್ತು. ಕೇಳಿದೆ. "ನಮ್ಮ ಪರಮೇಶಿ ಜೊತೆ ಈ ಸುಗ್ಗಿ ಓಡಾಡು. ಅವನು ಹೂಂ ಅಂದ್ರೆ ಅದರ ಕೀಲಿ ನಿಂದು" ಅಂದರು.

ಪರಮೇಶಣ್ಣ ಕ್ಲೀನರ್ ಆಗಿ ಲಾರಿ ಹತ್ತಿ, ಉಸ್ತಾದನ ಕೈಲಿ ಏಟು ತಿಂದು ಸ್ಟೀರಿಂಗ್ ಹಿಡಿದವರು. ಹಾಗೆ ಬರದವನು ಅವರ ಲೆಕ್ಕದಲ್ಲಿ ಡ್ರೈವರೇ ಅಲ್ಲ. "ಡಿಗ್ರಿ ಬೇರೆ ಮಾಡಿಯಂತಲ್ಲೋ ಮಿಲ್ಟ್ರಿ. ರಿವರ್ಸ್ ಹಾಕಾಕೆ ಯಾವ ಪರೀಕ್ಷೆ ಬರೆದೆ?" ಎಂದೇ ನನ್ನನ್ನು ಬರಮಾಡಿಕೊಂಡರು. ಸೇನೆಯ ಸಾಲಿನಲ್ಲಿ ಓಡಿಸಿ ಅಭ್ಯಾಸವಾದ ನಾನು ಮುಂದಿನ ಗಾಡಿಗೂ ನನಗೂ ನಡುವೆ ಅಂತರ ಬಿಡುತ್ತಿದ್ದೆ. ಹೊನ್ನಾಳಿ ರಸ್ತೆಯಲ್ಲಿ ಆ ಅಂತರಕ್ಕೆ ಆಟೋ, ಬೈಕು, ಟ್ರ್ಯಾಕ್ಟರ್ ಎಲ್ಲ ನುಗ್ಗುತ್ತಿದ್ದವು. "ಅಷ್ಟು ಜಾಗ ಬಿಟ್ಟಿಯಲ್ಲ, ಅಲ್ಲೊಂದು ಮನೆ ಕಟ್ಟಿ ಗೃಹಪ್ರವೇಶನೂ ಮಾಡ್ಬೋದು" ಅನ್ನುತ್ತಿದ್ದರು.

ಬಿಳಿಚೋಡಿನ ಹತ್ತಿರ ಒಂದು ದಿನ ರಸ್ತೆ ತುಂಬ ಹುರುಳಿ ಗಿಡ ಹರವಿದ್ದರು. ತಿನ್ನುವ ಕಾಳು ತುಳಿಯಬಾರದೆಂದು ಲಾರಿ ನಿಲ್ಲಿಸಿ ಹಾರ್ನ್ ಹೊಡೆದೆ. ಮುದುಕಿಯೊಬ್ಬಳು ಪೊರಕೆ ಹಿಡಿದೇ ಬಂದಳು. "ಯಾಕಪ್ಪಾ ನಿಂತೆ? ನಿಮ್ಮಂಥ ಗಾಡಿ ತುಳೀಲಿ ಅಂತಾನೇ ಹರವಿರೋದು. ನಡಿ, ನಡಿ!" ಸೇನೆಗೆ ಹೋಗುವ ಮೊದಲು ಇದೇ ಸೀಮೆಯಲ್ಲಿ ಬೆಳೆದವನು ನಾನು. ಅಷ್ಟೂ ಮರೆತಿದ್ದೆ. ಜಗಳೂರಿನಿಂದ ಚನ್ನಗಿರಿಯವರೆಗೆ ಒಂದು ಚಾದಂಗಡಿಯನ್ನೂ ಬಿಡದೆ ಪರಮೇಶಣ್ಣ ಈ ಕಥೆ ಹೇಳಿದರು. ಕೆಲವು ಕಡೆ ಮುದುಕಿ ನನಗೆ ಪೊರಕೆಯಲ್ಲಿ ಹೊಡೆದಿದ್ದಳು.

ಸುಗ್ಗಿ ಮುಗಿಯುವ ಮೊದಲೇ ಸವಳಂಗದ ಹತ್ತಿರದ ತಿರುವಿನಲ್ಲಿ ನಮ್ಮ ಹಿಂದಿನ ಟೈರು ಸಿಡಿಯಿತು. ಹಿಂದೆ ಬರುವವರಿಗೆ ತಿಳಿಯಲೆಂದು ರಸ್ತೆ ಮೇಲೆ ದಪ್ಪ ಕಲ್ಲುಗಳ ಸಾಲು ಇಟ್ಟು ಟೈರು ಬದಲಿಸಿದೆವು. ಪರಮೇಶಣ್ಣ ತಾವೇ ಸ್ಟೀರಿಂಗಿಗೆ ಕೂತು, "ಹತ್ತೋ" ಅಂದರು.

"ಕಲ್ಲು ತೆಗೆದು ಬರ್ತೀನಿ."

"ಎಲ್ಲಾ ಗಾಡಿಯೋರೂ ಹಂಗೇ ಬಿಟ್ಟು ಹೋಗೋದು. ಹತ್ತು."

"ಹೊತ್ತು ಮುಳುಗ್ತಾ ಐತೆ. ಬೈಕಿನೋರು ಬಿದ್ದು ಸಾಯ್ತಾರೆ."

"ಅವರಿಗೆ ಕಣ್ಣಿಲ್ಲೇನು? ಇದೇನು ನಿನ್ನ ಬಾರ್ಡರ್ರಾ? ಹತ್ತು ಅಂದ್ರೆ ಹತ್ತಬೇಕು. ಇಲ್ಲಾಂದ್ರೆ ಕೀಲಿ ಆಸೆ ಬಿಡು."

"ಹೆಣ ಬಿದ್ರೆ ನೀವು ಹೊರ್ತೀರಾ?" ನನ್ನ ದನಿಯೂ ಏರಿತ್ತು.

ಅವರು ಉಗುಳಿ, ಗೇರ್ ಹಾಕಿ ಹೊರಟೇ ಹೋದರು. ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಚರಂಡಿಗೆ ಹಾಕಿದೆ. ಸವಳಂಗಕ್ಕೆ ನಡೆದು, ಬಸ್ಸು ಹಿಡಿದು ನ್ಯಾಮತಿ ಸೇರುವಾಗ ಬ್ಯಾಂಕಿನ ಬಾಗಿಲೇ ಕಣ್ಣಮುಂದಿತ್ತು.

ಬೆಳಿಗ್ಗೆ ಸಾವ್ಕಾರರ ಗೋದಾಮಿಗೆ ಹೋದರೆ ಪರಮೇಶಣ್ಣನ ಕೂಗಾಟ ಹೊರಗೇ ಕೇಳುತ್ತಿತ್ತು. "ಈ ಮಿಲ್ಟ್ರಿ ಪಕ್ಕ ನಾನಿನ್ನು ಜನ್ಮದಾಗೆ ಕೂರಲ್ಲ ಸಾವ್ಕಾರ್ರೇ. ಎತ್ಲಾಗಾದ್ರೂ ಅಟ್ರಿ."

ಜಗಳೂರಿನಲ್ಲಿ ಜೋಳ ರಾಶಿ ಬಿದ್ದಿತ್ತು. ಸಾವ್ಕಾರರಿಗೆ ಜಗಳ ಕೇಳುವ ಪುರುಸೊತ್ತಿರಲಿಲ್ಲ. "ಅವನಿಗೆ ಗಾಡಿ ಓಡಿಸಾಕೆ ಬರ್ತೈತೋ ಇಲ್ಲೋ, ಅಷ್ಟು ಹೇಳು."

ಪರಮೇಶಣ್ಣ ನನ್ನತ್ತ ನೋಡಿ ಉಗುಳಿದರು. "ಓಡಿಸ್ತಾನೆ. ಓಡಿಸಾಕೇನು? ಮನುಷ್ಯ ಸರಿ ಇಲ್ಲ."

ಸಾವ್ಕಾರರು ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದು ನನ್ನತ್ತ ಎಸೆದರು. "ಹೂಂ ಅಂದಂಗಾತು. ಹೊರಡು."

ಆಮೇಲೆ ಪರಮೇಶಣ್ಣ ನನ್ನ ನಮಸ್ಕಾರಕ್ಕೆ ಒಮ್ಮೆಯೂ ಕೈ ಎತ್ತಲಿಲ್ಲ. ನನಗೂ ಅವರ ಮೇಲೆ ಅಕ್ಕರೆಯೇನೂ ಹುಟ್ಟಲಿಲ್ಲ. ಲೋಡಿಗೆ ಹಗ್ಗ ಬಿಗಿಯುವಾಗ ಮಾತ್ರ ನನ್ನ ಕೈ ಅವರ ಕೈಯಂತೆಯೇ ತಿರುಗುತ್ತದೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.

ಅವರು ತೀರಿಕೊಳ್ಳುವ ಮುಂಚೆ ಕಡೆಯ ಸಲ ಸಿಕ್ಕಿದ್ದು ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು. ಕಣ್ಣು ಮಂಜಾಗಿ ಗಾಡಿ ಓಡಿಸೋದು ನಿಲ್ಲಿಸಿದ್ದರು. ಕೈಚೀಲ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಲಾರಿ ನಿಲ್ಲಿಸಿದೆ.

"ಹೊನ್ನಾಳಿ ಮೇಲೆ ಊರಿಗೇ ಹೊಂಟೀನಿ. ಹತ್ರಿ ಅಣ್ಣಾ."

"ನಿನ್ನ ಪಕ್ಕ ಕೂರಲ್ಲ ಅಂದಿದ್ನಲ್ಲ, ಮರೆತೆಯಾ?"

"ಮರೆತಿಲ್ಲ."

"ಮತ್ಯಾಕೆ ಕೇಳಿದೆ?" ಕೈಚೀಲ ಇನ್ನೊಂದು ಕೈಗೆ ಬದಲಿಸಿ, "ಇನ್ನೂ ಕಲ್ಲು ಆರಿಸ್ತೀಯೇನೋ?" ಅಂದರು.

"ಆರಿಸ್ತೀನಿ."

"ಆರಿಸು. ಬೇರೆ ಏನು ಬರ್ತೈತೆ ನಿಂಗೆ."

ನಾನು ಹೊರಟೆ. ಊರು ದಾಟಿದ ಮೇಲೆ ಒಂದು ಬಸ್ಸು ಹಾರ್ನ್ ಹೊಡೆಯುತ್ತಾ ನನ್ನನ್ನು ಹಿಂದೆ ಹಾಕಿ, ನಾನು ಬಿಟ್ಟಿದ್ದ ಅಂತರಕ್ಕೆ ನುಗ್ಗಿತು. ಅದರ ಎಡಗಡೆಯ ಕಿಟಕಿಯಿಂದ ಗೊತ್ತಿದ್ದ ತಲೆಯೊಂದು ಹೊರಬಂತು. ಕೆಂಪು ರಸ ಗಾಳಿಯಲ್ಲಿ ಹರಡಿ ನನ್ನ ಗಾಜಿನ ಮೇಲೆ ಬಿತ್ತು.

ವೈಪರ್ ಹಾಕಿದೆ. ಗಾಜು ತಿಳಿಯಾಗುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.