ಹಳೇ ಬೈಕಿನ ದೇವದಾನಪ್ಪ

ಜೇವರ್ಗಿಯಲ್ಲಿ ಹಳೇ ಬೈಕು ಮಾರುವ ದೇವದಾನಪ್ಪನವರ ಅಂಗಡಿಗೆ ಹೋದವರು ಗಾಡಿ ಕೊಂಡು ಬರುವುದು ಅಪರೂಪ. ಗಿರಾಕಿ ಕಾಲಿಟ್ಟೊಡನೆ ಅವರು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗುತ್ತಾರೆ. ಆಮೆನ್ ಅನ್ನುವಷ್ಟರಲ್ಲಿ ಅರ್ಧ ಮಂದಿ ಎದುರಿನ ಅಂಗಡಿಯಲ್ಲಿರುತ್ತಾರೆ. ಉಳಿದವರನ್ನು ಅವರ ಸತ್ಯ ಓಡಿಸುತ್ತದೆ. “ಇದು ಪೆಟ್ರೋಲ್ ಭಾಳ ಕುಡೀತದ್ರಿ, ಅದು ಎರಡ ಸಲ ಬಿದ್ದದ್ರಿ, ಈ ಕೆಂಪಂದು ನಾ ಆದ್ರ ತಗೋತಿರ್ಲಿಲ್ರಿ!” ಎಂದು ತಾವೇ ಹೇಳಿಬಿಡುತ್ತಾರೆ. “ಯೇಸುಸ್ವಾಮೀನ ನನ್ನ ವ್ಯಾಪಾರದಾಗ ಪಾಲುದಾರ,” ಎಂದು ಅವರು ಬೀಗಿದರೆ, ಹೆಂಡತಿ ಸುಗುಣಮ್ಮ, “ಹಂಗಾದ್ರ ಪಾಪ, ಅವ್ರಿಗೂ ಲುಕ್ಸಾನ ಆಗ್ಯದ ಬಿಡ್ರಿ,” ಎನ್ನುತ್ತಾರೆ. ಮೊದಲು ದೇವದಾನಪ್ಪನವರು ಹೀಗಿರಲಿಲ್ಲ. ಐದು ವರ್ಷದ ಹಿಂದೆ, ಬ್ರೇಕು ಸವೆದದ್ದನ್ನು ಮುಚ್ಚಿಟ್ಟು ಕೊಳಕೂರಿನ ಪೀರಪ್ಪನಿಗೆ ಗಾಡಿ ಮಾರಿದ್ದರು. ತಿಂಗಳೊಳಗೆ ಪೀರಪ್ಪ ಬಿದ್ದು ಒಂದು ಕಾಲು ಕಳೆದುಕೊಂಡ. ಊರವರೆಲ್ಲ ರಸ್ತೆಯನ್ನು ಬೈದರು. ದೇವದಾನಪ್ಪನವರು ತಾವಾಗಿಯೇ ಆಸ್ಪತ್ರೆಗೆ ಹೋಗಿ, “ತಪ್ಪು ರಸ್ತೇದು ಅಲ್ಲೋ ಪೀರಪ್ಪ, ನಂದು,” ಎಂದು ಹೇಳಿದರು. ಅಂದಿನಿಂದ ಪ್ರತಿ ಭಾನುವಾರ ಆರಾಧನೆ ಮುಗಿಸಿ ಕೊಳಕೂರಿಗೆ ಹೋಗುತ್ತಾರೆ, ಪೀರಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವನ ಹೊಲ ತೋರಿಸಿಕೊಂಡು ಬರುತ್ತಾರೆ. ಕ್ಷಮಿಸಿದ್ದೇನೆ ಎಂದು ಪೀರಪ್ಪ ಇದುವರೆಗೆ ಹೇಳಿಲ್ಲ. ಆದರೆ ಇಷ್ಟು ವರ್ಷ ಸೀಟಿನ ಹಿಂದಿನ ಕಂಬಿ ಹಿಡಿದು ಕೂರುತ್ತಿದ್ದವನು, ಹೋದ ವಾರ ಅವರ ಹೆಗಲು ಹಿಡಿದು ಕುಳಿತ.