ಬಿಟ್ಟಿ ವಿಮಾನಕ್ಕೆ ದುಡ್ಡು ಕೊಟ್ಟವರು

ಮೊನ್ನೆ ಒಬ್ಬ ಹುಡುಗ ಫೋನ್ ಮಾಡಿದ್ದ. "ಮೇಡಂ, ನಮ್ಮ ಕಾರ್ಡ್ ತಗೊಂಡ್ರೆ ವರ್ಷಕ್ಕೊಂದು ಫ್ಲೈಟ್ ಟಿಕೆಟ್ ಫ್ರೀ."

"ಯಾರ ದುಡ್ಡಿನಲ್ಲಪ್ಪಾ?" ಅಂದೆ.

ಫೋನ್ ಇಟ್ಟೇಬಿಟ್ಟ. (ಇವರಿಗೆ ಎಲ್ಲ ಪ್ರಶ್ನೆಗೂ ಉತ್ತರ ಕಲಿಸಿರುತ್ತಾರೆ, ಇದೊಂದನ್ನು ಬಿಟ್ಟು.)

ಈ ಪ್ರಶ್ನೆ ನನ್ನದಲ್ಲ, ನಮ್ಮವ್ವನದು. ತೊಂಬತ್ತರ ದಶಕದ ಕೊನೆ. ಮನೆ ಶಿರಾಳಕೊಪ್ಪದಲ್ಲಿ, ನನ್ನ ನೌಕರಿ ಶಿಕಾರಿಪುರದಲ್ಲಿ. ಒಂದು ಮಧ್ಯಾಹ್ನ ಆಫೀಸಿಗೆ ಟೈ ಕಟ್ಟಿಕೊಂಡ ಏಜೆಂಟ್ ಬಂದ. ಆ ಬಿಸಿಲಿಗೆ ಟೈ! ನನಗೆ ಅಲ್ಲೇ ಅನುಮಾನ. ಎರಡು ಕ್ರೆಡಿಟ್ ಕಾರ್ಡುಗಳ ಬಣ್ಣದ ಹಾಳೆ ಟೇಬಲ್ ಮೇಲೆ ಹರಡಿದ. ಒಂದರಲ್ಲಿ ಖರ್ಚು ಮಾಡಿದಷ್ಟೂ ಪಾಯಿಂಟ್ ಸೇರಿ ಕುಕ್ಕರ್, ಇಸ್ತ್ರಿಪೆಟ್ಟಿಗೆ ಬರುತ್ತದಂತೆ. ಇನ್ನೊಂದರಲ್ಲಿ ವಿಮಾನದ ಟಿಕೆಟ್.

"ಎಷ್ಟು ಖರ್ಚು ಮಾಡ್ತೀರೋ ಅಷ್ಟು ಲಾಭ ಮೇಡಂ."

ಖರ್ಚು ಮಾಡಿದರೆ ಲಾಭವಾ? ಹಾಗಿದ್ದರೆ ನಮ್ಮ ಓಣಿಯ ಕುಡುಕರೆಲ್ಲ ಇಷ್ಟು ಹೊತ್ತಿಗೆ ಸಾಹುಕಾರರಾಗಿರಬೇಕಿತ್ತಲ್ಲ!

ಮನೆಗೆ ಬಂದು ಅವ್ವನಿಗೆ ತಮಾಷೆಯಾಗಿ ಹೇಳಿದೆ. ಅವ್ವ ನಗಲಿಲ್ಲ.

"ಕುಕ್ಕರ್ ಮನ್ಯಾಗೆ ಎರಡದಾವು. ವಿಮಾನ ಇಲ್ಲ. ಅದನ್ನ ತಗಾ."

ಇದರ ಹಿಂದೆ ಇದ್ದದ್ದು ಸೊರಬದ ಚಿಕ್ಕವ್ವ, ಅವ್ವನ ವಾರಗಿತ್ತಿ. ಚಿಕ್ಕಪ್ಪನದು ಅಲ್ಲಿ ಗೊಬ್ಬರದ ಅಂಗಡಿ. ಹೆಚ್ಚು ಮೂಟೆ ಮಾರಿದ್ದಕ್ಕೆ ಕಂಪನಿಯವರು ಗಂಡ-ಹೆಂಡತಿ ಇಬ್ಬರನ್ನೂ ಬಿಟ್ಟಿಯಾಗಿ ವಿಮಾನದಲ್ಲಿ ದಿಲ್ಲಿಗೆ ಕರೆದೊಯ್ದಿದ್ದರು. ಅವತ್ತಿನಿಂದ ತೊಟ್ಟಿಲ ಶಾಸ್ತ್ರವಿರಲಿ, ಗೃಹಪ್ರವೇಶವಿರಲಿ, ಚಿಕ್ಕವ್ವ ಮೋಡದ ಮೇಲೆಯೇ. "ಅಕ್ಕಾ, ಹತ್ತಿ ಹಾಸಿದಂಗೆ ಇರ್ತದೆ. ನಿಂಗೆ ಹೆಂಗೆ ಹೇಳದು, ಹತ್ತಿದೋರಿಗೇ ಗೊತ್ತು!" ಪಕ್ಕದಲ್ಲಿ ಕೂತ ಅವ್ವ ಎಲೆಯಲ್ಲಿದ್ದ ಹೋಳಿಗೆಯನ್ನು ಚೂರು ಚೂರು ಮಾಡುತ್ತಿದ್ದಳು.

ಒಂದು ಸಲ ವಿಮಾನ ಹತ್ತಬೇಕು. ಆಮೇಲೆ ಚಿಕ್ಕವ್ವನ ಬಾಯಿ ಮುಚ್ಚಿಸಬೇಕು. ಅವ್ವನಿಗೆ ಬೇಕಾಗಿದ್ದದ್ದು ಇಷ್ಟೇ.

ಕಾರ್ಡ್ ಬಂತು. ಶಿರಾಳಕೊಪ್ಪದ ಕಿರಾಣಿ ಅಂಗಡಿಯಾತ ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಇದರಾಗೆ ನಿಮ್ಮ ಫೋಟೋನೇ ಇಲ್ಲಲ್ರೀ ಅಕ್ಕಾರೆ! ಬರೆಸಿ ಹೋಗ್ರಿ, ಸುಗ್ಗಿ ಆದ್ಮೇಲೆ ಕೊಡುವಂತ್ರಿ." (ಕಾರ್ಡೇ ಇಲ್ಲದ ಕ್ರೆಡಿಟ್! ಅದೂ ಸುಗ್ಗಿಯವರೆಗೆ!)

ಅಷ್ಟರಲ್ಲಿ ತಮ್ಮನ ಮದುವೆ ಗೊತ್ತಾಯಿತು. ಇಡೀ ಬಳಗಕ್ಕೆ ಬಟ್ಟೆ ತರಬೇಕು. ಅಂದರೆ ರಾಶಿ ಪಾಯಿಂಟ್. ಗಾಜಿನ ಬಾಗಿಲ ಮೇಲೆ ಕಾರ್ಡಿನ ಸ್ಟಿಕ್ಕರ್ ಇದ್ದ ದಾವಣಗೆರೆಯ ಅಂಗಡಿಯೊಂದನ್ನು ವಿಚಾರಿಸಿಕೊಂಡು ಬಸ್ ಹತ್ತಿದೆವು.

ಅವ್ವ ಚೌಕಾಸಿಗೆ ಕೂತಳೆಂದರೆ ಮುಗಿಯಿತು. ಸೀರೆಗಳ ಬೆಟ್ಟವೆದ್ದಿತು, ಚಹಾ ಬಂತು, ಅವ್ವ ಸಿಟ್ಟಾಗಿ ಬಾಗಿಲವರೆಗೆ ಹೋಗಿ ಬಂದದ್ದೂ ಆಯಿತು. ಕೊನೆಗೆ ಸಾಹುಕಾರ ಕೈಮುಗಿದ. "ಆತು ಬಿಡ್ರೀ ಅವ್ವಾರೆ, ನೀವು ಹೇಳಿದ್ದೇ ರೇಟು."

ನಾನು ಕಾರ್ಡ್ ತೆಗೆದೆ. ಆತನ ಮುಖ ಸಪ್ಪಗಾಯಿತು.

"ಕಾರ್ಡಾ? ಮೊದ್ಲೇ ಹೇಳಬಾರ್ದೇನ್ರೀ? ಕಾರ್ಡಿಗೆ ಈ ರೇಟು ಬರಲ್ರೀ. ಬ್ಯಾಂಕಿನೋರು ನಮ್ಮತ್ರ ನೂರಕ್ಕೆ ಇಷ್ಟು ಅಂತ ಮುರ್ಕಂತಾರೆ."

"ಯಾಕೆ ಮುರ್ಕಂತಾರೆ?" ಅವ್ವ ಕೇಳಿದಳು.

"ಮತ್ತೆ ನಿಮಗೆ ವಿಮಾನದ ಪಾಯಿಂಟು ಎಲ್ಲಿಂದ ಕೊಡ್ಬೇಕ್ರೀ ಅವ್ರು?"

"ಅಂದ್ರೆ ನಮ್ಮ ಟಿಕೆಟ್ ದುಡ್ಡು ನೀ ಕೊಡ್ತೀಯೇನಪ್ಪಾ?"

"ನಾನ್ಯಾಕೆ ಕೊಡ್ಲಿ? ಸೀರೆ ರೇಟಿನ ಮ್ಯಾಲೆ ಹಾಕ್ತೀನಿ."

"ಕಾರ್ಡಿಲ್ದೆ ರೊಕ್ಕ ಕೊಟ್ಟು ತಗಳೋರಿಗೂ?"

ಆತ ಆಗಲೇ ಮಡಚಿಟ್ಟಿದ್ದ ಸೀರೆಯನ್ನು ಮತ್ತೊಮ್ಮೆ ಮಡಚತೊಡಗಿದ.

ಅವ್ವ ಕಾರ್ಡನ್ನೂ ನೋಡಿದಳು, ಸೀರೆ ಬೆಟ್ಟವನ್ನೂ ನೋಡಿದಳು. ಒಂದು ಕಡೆ ವಿಮಾನ, ಇನ್ನೊಂದು ಕಡೆ ಗೆದ್ದ ಚೌಕಾಸಿ. ಕಷ್ಟ ಕಣ್ರೀ! ಕೊನೆಗೆ ಸೊಂಟಕ್ಕೆ ಸಿಕ್ಕಿಸಿದ್ದ ಸಂಚಿಯಿಂದ ನೋಟಿನ ಕಟ್ಟು ಹೊರಬಂತು. ಕಾರ್ಡ್ ಬೇಕೇ ಬೇಕು ಅಂತ ಕುಣಿದವಳು ರೊಕ್ಕವನ್ನೂ ತಂದಿದ್ದಳು! (ನನ್ನ ಅನುಮಾನದ ಬುದ್ಧಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ?)

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯಾಚೆ ಮೋಡ ನೋಡುತ್ತಾ ಕೂತಳು. ವಿಮಾನ ತಪ್ಪಿದ ಬೇಜಾರು ಅಂದುಕೊಂಡೆ. ಶಿಕಾರಿಪುರ ದಾಟಿದ ಮೇಲೆ ಮೊಣಕೈಯಲ್ಲಿ ತಿವಿದಳು.

"ಅಲ್ಲ ಕಣೇ, ಸೊರಬದಾಕಿ ಟಿಕೆಟ್ ದುಡ್ಡು ಯಾರು ಕೊಟ್ರು?"

"ಗೊಬ್ಬರದ ಕಂಪನಿಯೋರು."

"ಕಂಪನಿಗೆ ಯಾರು ಕೊಟ್ರು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಇವಳ ಮನಿ ಹಾಳಾಗ! ನಮ್ಮ ಗದ್ದೆಗೂ ಗೊಬ್ಬರ ಅವ್ರ ಅಂಗಡೀದೇ ಅಲ್ಲೇನೇ? ಆಕಿ ಮೋಡ ನೋಡಿದ್ದು ನಮ್ಮ ರೊಕ್ಕದಾಗೆ!"

ಅವ್ವ ಕೊನೆಯವರೆಗೂ ವಿಮಾನ ಹತ್ತಲಿಲ್ಲ. ಹತ್ತಿಸಿದಳು, ಅಷ್ಟೇ.

ಅಂಗಡಿಗೆ ಹೋಗಿ ನೋಟು ಎಣಿಸಿ ಕೊಟ್ಟು ಸಾಮಾನು ತರುವವರೇ, ಹೇಳಿ, ಈ ತಿಂಗಳು ನೀವು ಯಾರನ್ನು ವಿಮಾನ ಹತ್ತಿಸಿದಿರಿ?