ರಟ್ಟಿನ ಕುರಿಗಳ ಎಡಗಿವಿ

ಏಳಕ್ಕೆ ಏಳೂ ಕುರಿಗಳ ಎಡಗಿವಿಯ ತುದಿ ಮಾಯವಾಗಿತ್ತು!

ಜೀವಂತ ಕುರಿಗಳಲ್ಲ, ರಟ್ಟಿನವು. ನನ್ನ ಒಂದನೇ ಕ್ಲಾಸಿನ ಏಳು ಮಕ್ಕಳು ವಾರವಿಡೀ ಕೂತು ಮಾಡಿದ್ದವು. ಮರುದಿನ ಬೆಳಗ್ಗೆ ಅವನ್ನು ಚಳ್ಳಕೆರೆಯಲ್ಲಿ ನಡೆಯುವ ಶಾಲೆಗಳ ಪ್ರದರ್ಶನಕ್ಕೆ ಒಯ್ಯಬೇಕಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ದೊಡ್ಡಉಳ್ಳಾರ್ತಿ ಕಡೆಯ ಒಂದು ಹಟ್ಟಿಯ ಶಾಲೆಗೆ ನಾನು ಹೊಸ ಟೀಚರ್. ದಾವಣಗೆರೆ ಪೇಟೆಯಲ್ಲಿ ಬೆಳೆದವಳು, ಕುರಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಟ್ರೈನಿಂಗಿನಲ್ಲಿ ಎಲ್ಲ ಶಾಲೆಗಳಿಗೂ ಒಂದೇ ಚಿತ್ರಪುಸ್ತಕ ಕೊಟ್ಟಿದ್ದರು. ಒಂದು ಮರಿ ಬೇರೆ ಮಂದೆಗೆ ಸೇರಿಕೊಳ್ಳುತ್ತದೆ, ಎಲ್ಲವೂ ಒಂದೇ ಥರ ಇರುವುದರಿಂದ ಕಾಯುವವನಿಗೆ ಗುರುತೇ ಸಿಗುವುದಿಲ್ಲ... ಅಷ್ಟೇ ಕಥೆ. ಬರೀ ಓದಿ ಬಿಡಬೇಡಿ, ಮಕ್ಕಳ ಕೈಲಿ ಏನಾದರೂ ಮಾಡಿಸಿ ಎಂದಿದ್ದರು.

ಮೊದಲ ದಿನ ಕಣ್ಣು ಮುಚ್ಚಿಸಿ ಆಟ ಆಡಿಸಿದೆ. ಒಬ್ಬರು ಮರಿಯ ಹಾಗೆ ಕೂಗುವುದು, ಉಳಿದವರು ಯಾರೆಂದು ಹೇಳುವುದು. ಶಾಲೆ ಹೋಗಿ ದೊಡ್ಡಿಯಾಯಿತು ಎಂದು ಹೆಡ್‌ಮಾಸ್ಟರ್ ಗೊಣಗಿದರು.

ಆಮೇಲೆ ಪುಸ್ತಕದ ಕುರಿಯನ್ನೇ ರಟ್ಟಿನ ಮೇಲೆ ಬರೆದು ಕತ್ತರಿಸಿದೆವು. ಮೈಗೆ ಅಂಟಿಸಲು ಓಬಕ್ಕ ಎಂಬ ಹುಡುಗಿ ಮನೆಯಿಂದ ಲಂಗದ ತುಂಬ ಕರಿ ಉಣ್ಣೆ ತಂದಳು. ಇಡೀ ದಿನಕ್ಕೆ ನಾಲ್ಕು ಮಾತಾಡದ ಮಗು ಅದು. ಆ ವಾರ ಮಾತ್ರ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

"ನಾಳೆ ಈ ಕುರಿಗಳೆಲ್ಲ ಚಳ್ಳಕೆರೆಗೆ ಹೋಗ್ತವೆ. ಬೇರೆ ಸ್ಕೂಲಿನವರೂ ತರ್ತಾರೆ" ಎಂದೆ. ನಾನು ಆಫೀಸ್ ರೂಮಿಗೆ ಹೋಗಿ ಬರುವಷ್ಟರಲ್ಲಿ ಕಿವಿಗಳು ಹೋಗಿದ್ದವು.

ಯಾರು ಮಾಡಿದ್ದು ಎಂದು ಕೇಳಿದೆ. ಓಬಕ್ಕ ಕತ್ತರಿ ಹಿಡಿದುಕೊಂಡೇ ಎದ್ದು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ನಾನು ಕೆನ್ನೆಗೆ ಒಂದು ಬಿಟ್ಟೆ.

ಅವಳು ಅಳಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದಳು.

ನಾನು ಕರಿ ಕಾಗದದ ಚೂರು ಅಂಟಿಸಿ ಏಳೂ ಕಿವಿ ಸರಿಮಾಡಿದೆ. ಪ್ರದರ್ಶನದಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ನೋಡಿದರೆ ಇನ್ನೆರಡು ಶಾಲೆಯವರದೂ ಅದೇ ಅಳತೆಯ ಕುರಿ, ಅದೇ ಕರಿ ಉಣ್ಣೆ! ಸಂಜೆ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿಟ್ಟಿದ್ದರು. ಬಸ್ಸಿನ ಅವಸರ, ಏಳು ಎಣಿಸಿಕೊಂಡು ಬಂದೆ.

ನಾಲ್ಕು ದಿನವಾದರೂ ಓಬಕ್ಕ ಶಾಲೆಗೆ ಬರಲಿಲ್ಲ. ಸಮಾಧಾನ ಮಾಡೋಣವೆಂದು ಕುರಿಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೇ ಹೋದೆ. ಅವಳ ತಾತ ಚಾಪೆ ಹಾಸಿ ಕೂರಿಸಿದರು. ಕೋಪ ಇರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಎಡಗಿವಿ ತುದಿ ನಮ್ ಮನೆ ಗುರುತು ಟೀಚರಮ್ಮ. ಬ್ಯಾರೆ ಮಂದೆ ಜತೆ ಬೆರೀತಾವೆ ಅಂದ್ರೆ ಮೊದ್ಲು ಕಿವಿ ಕುಯ್ದೇ ಬಿಡೋದು. ನೀವೇ ಹೇಳಿದ್ರಂತಲ್ಲ, ಬ್ಯಾರೆ ಸ್ಕೂಲೋರ ಕುರೀನೂ ಬರ್ತಾವೆ ಅಂತ?"

ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ.

ಬಾಗಿಲ ಹಿಂದಿನಿಂದ ಓಬಕ್ಕ ಬಂದಳು. ಚೀಲದಿಂದ ಒಂದೊಂದೇ ಕುರಿ ತೆಗೆದು ಎಡಗಿವಿಯನ್ನು ಉಗುರಿನಿಂದ ಕೆರೆದು ನೋಡಿದಳು. ಎರಡರ ಕಾಗದ ಕಿತ್ತು ಬಂತು. ಉಳಿದ ಐದರಲ್ಲಿ ಅಂಟಿಸಿದ ಕಾಗದವೇ ಇರಲಿಲ್ಲ.

"ಇವು ನಮ್ಮವಲ್ಲ ಮಿಸ್."

"ತಪ್ಪಾಯ್ತು ಓಬಕ್ಕ. ನಾನು ನಿನ್ನ ಮಾತು ಕೇಳಬೇಕಿತ್ತು" ಎಂದೆ. ಅವಳು ಐದನ್ನೂ ಜೋಡಿಸಿ ನನ್ನ ಮಡಿಲಲ್ಲಿಟ್ಟಳು.

"ಆ ಸ್ಕೂಲ್ ಹುಡುಗ್ರು ಹುಡುಕ್ತಿರ್ತಾರೆ. ಕೊಟ್ಟು ನಮ್ಮವು ಹೊಡ್ಕಂಡು ಬರ್ರಿ, ಆಮ್ಯಾಕೆ ಸ್ಕೂಲಿಗೆ ಬರ್ತೀನಿ."

ಆ ಭಾನುವಾರ ಎರಡು ಬಸ್ಸು ಹತ್ತಿ ಇಳಿದು ಆ ಇಬ್ಬರು ಟೀಚರ್‌ಗಳ ಮನೆಗೆ ಹೋದೆ. ಅವರ ಕುರಿಗಳನ್ನು ಕೊಟ್ಟೆ, ಅವರು ನಗುತ್ತಲೇ ತಮ್ಮಲ್ಲಿದ್ದವನ್ನೆಲ್ಲ ಮುಂದೆ ತಂದಿಟ್ಟರು. ಎಡಗಿವಿಗೆ ಕಾಗದ ಅಂಟಿಸಿದ್ದ ನಾಲ್ಕು ಸಿಕ್ಕವು, ಒಂದು ಸಿಗಲೇ ಇಲ್ಲ.

ಸೋಮವಾರ ಓಬಕ್ಕ ಬಂದಳು. ಆರು ಎಣಿಸಿದಳು, ನನ್ನ ಮುಖ ನೋಡಿದಳು, ಕತ್ತರಿ ಕೇಳಿ ಏಳನೆಯದಕ್ಕೆ ಹೊಸ ರಟ್ಟು ಹುಡುಕತೊಡಗಿದಳು.

ಯಾಕೆ ಎಂದು ಒಂದು ಮಾತು ಕೇಳದೆ ಮಗುವಿನ ಮೇಲೆ ಕೈ ಎತ್ತಿದ ನೆನಪು ನಿಮಗೂ ಇದೆಯೇ?